ಕಾಯರಕ್ಷೆಗೆ ಮರುಲಸಿಕೆ

ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಆದಕಾರಣ ದೇಹವನ್ನು ರೋಗದಿಂದ ಕಾಪಾಡಿಕೊಳ್ಳುವುದೂ ಧರ್ಮಾಚರಣೆಯೇ ಎಂದು ನಾವು ತಿಳಿದಿದ್ದೇವೆ.

ಭಾರತದಲ್ಲಿ ಕೊರೋನಾಕ್ಕೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು. ಅದು 2020ರ ಮಾರ್ಚ್ ತಿಂಗಳು. 2021ರ ಜನವರಿ 16ರಂದು ಲಸಿಕೆ ಆರಂಭವಾಯಿತು. 2022ರ ಜುಲೈ 15ರಿಂದ 75 ದಿನ ಮುನ್ನೆಚ್ಚರಿಕೆ ಡೋಸನ್ನು ಎಲ್ಲ ವಯಸ್ಕರಿಗೂ ಉಚಿತವಾಗಿ ಕೊಡಲಾಯಿತು. ಆದರೂ ಅನೇಕರು ಅತ್ತ ಸುಳಿಯಲಿಲ್ಲ. ‘ಎರಡು ಸಲ ಹಾಕಿಸಿಕೊಂಡದ್ದಾಯಿತು, ಮತ್ತೇಕೆ?’ ಎಂದರು.

ಸದ್ಭಕ್ತರೆ, ಲಸಿಕೆ ಕೊಟ್ಟ ಬಲ ತಿಂಗಳುಗಳು ಕಳೆದಂತೆ ಕುಂದುತ್ತದೆ. ವೃದ್ಧರಲ್ಲಿ ಇನ್ನೂ ಬೇಗ. ವೈರಾಣುವೂ ವೇಷ ಬದಲಿಸುತ್ತದೆ. 2021ರ ಡಿಸೆಂಬರಿನಲ್ಲಿ ಓಮಿಕ್ರಾನ್ ಎಂಬ ಹೊಸ ರೂಪ ದೇಶದಲ್ಲಿ ಮೊದಲು ಪತ್ತೆಯಾದದ್ದು ಬೆಂಗಳೂರಿನಲ್ಲೇ. ಕಾಲುಬಾಯಿ ಜ್ವರ ಬಾರದಿರಲೆಂದು ದನಗಳಿಗೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸುತ್ತೇವೆ. ಎತ್ತಿಗೆ ತೋರುವ ಕಾಳಜಿ ಹೆತ್ತವರಿಗೆ ಬೇಡವೇ?

‘ಲಸಿಕೆ ಪಡೆದವರಿಗೂ ರೋಗ ಬಂತಲ್ಲ’ ಎಂಬ ಮಾತುಂಟು. ನಿಜ. ಕಂಬಳಿ ಹೊದ್ದವನಿಗೂ ಹನಿ ತಾಗುತ್ತದೆ. ಆದರೆ ಅವನು ತೊಯ್ದು ನಡುಗುವುದಿಲ್ಲ. ರೋಗ ಉಲ್ಬಣಿಸದಂತೆ, ಪ್ರಾಣಕ್ಕೆ ಎರವಾಗದಂತೆ ತಡೆಯುವುದೇ ಲಸಿಕೆಯ ಮುಖ್ಯ ಫಲ. ಒಂದೆರಡು ದಿನ ಮೈಕೈ ನೋವು, ಜ್ವರ ಬರಬಹುದು. ತೀರ ವಿರಳವಾಗಿ ತೀವ್ರ ತೊಂದರೆಯೂ ಆದದ್ದುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವಯಸ್ಸಾದವರಿಗೆ ರೋಗದಿಂದಾಗುವ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ದೇವರ ಮೇಲೆ ಭಾರ ಹಾಕಿದ್ದೇವೆ, ಲಸಿಕೆ ಏತಕ್ಕೆ ಎನ್ನುವವರೂ ಇದ್ದಾರೆ. ಸಿಡುಬನ್ನು ಅಮ್ಮನೆಂದು ಕರೆದು ಕೈಮುಗಿದ ನಾಡು ನಮ್ಮದು. ಆ ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ತೊಲಗಿಸಿದ್ದು ಲಸಿಕೆ. ಅದರಿಂದ ಯಾರ ಭಕ್ತಿಯೂ ಕುಂದಲಿಲ್ಲ. ಭಕ್ತಿ ಮನಸ್ಸಿಗೆ ಧೈರ್ಯ ಕೊಡುತ್ತದೆ, ಮದ್ದು ದೇಹವನ್ನು ಕಾಯುತ್ತದೆ. ಎರಡಕ್ಕೂ ವೈರವಿಲ್ಲ.

ಕೊರೋನಾದ ತುರ್ತುಸ್ಥಿತಿ 2023ರ ಮೇ ತಿಂಗಳಲ್ಲಿ ಮುಗಿಯಿತೆಂದು ಘೋಷಣೆಯಾಯಿತು; ರೋಗಾಣು ಮಾತ್ರ ಇನ್ನೂ ಹೋಗಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ ಇರುವ ಹಿರಿಯರು ಮರುಲಸಿಕೆಯ ವಿಷಯವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ನಾಳೆ ಇಂಥದೇ ಮಾರಿ ಮತ್ತೆ ಬಂದಾಗ ಗಾಳಿಮಾತಿಗೆ ಕಿವಿಗೊಡದೆ ಹಿರಿಯರೇ ಮುಂದಾಗಬೇಕು. ಹಿರಿಯರು ಮುಂದೆ ನಡೆದರೆ ಊರೇ ಹಿಂದೆ ಬರುತ್ತದೆ.

ಸರ್ವರಿಗೂ ಆಯುರಾರೋಗ್ಯ ಲಭಿಸಲೆಂದು ಹಾರೈಸುತ್ತೇವೆ.