ಚಿಪ್ಪು ಬಾಯ್ದೆರೆವ ಹೊತ್ತು

ವಸಂತಕಾಲದ ಸಂಜೆ ಜಪಾನೀ ಅಡಿಗೆಮನೆಯ ಮೂಲೆಯಲ್ಲಿ ಅಗಲವಾದ ಒಂದು ತಟ್ಟೆಯೂ ಅದರ ಮೇಲೆ ಹಳೆಯ ವೃತ್ತಪತ್ರಿಕೆಯ ಹಾಳೆಯೂ ಕಂಡುಬಂದರೆ, ಆ ಹಾಳೆಯನ್ನು ಎತ್ತಿ ನೋಡಹೋದ ಮಕ್ಕಳ ಮುಖಕ್ಕೆ ನೀರು ಚಿಮ್ಮುವುದುಂಟು. ಕೆಳಗೆ ಕುಳಿತಿರುವವು ಅಸರಿ ಎಂಬ ಪುಟ್ಟ ಚಿಪ್ಪುಜೀವಿಗಳು. ನಮ್ಮ ಕರಾವಳಿಯವರು ಬಳಚು ಎಂದೋ ಮರುವಾಯಿ ಎಂದೋ ಕರೆಯುವವುಗಳಿಗೆ ಇವು ನೆಂಟರು. ಒಂದರ ಮೈಮೇಲಿನ ಚಿತ್ತಾರ ಇನ್ನೊಂದರಲ್ಲಿ ಇರದು. ಮರುದಿನ ಇವು ಸಾಕಾಮುಶಿ ಆಗತಕ್ಕವು. ಎಂದರೆ, ಸಾಕೆಯ ಆವಿಯಲ್ಲಿ ಬೆಂದ ಖಾದ್ಯ.

ಸಾಕೆ ಎಂಬ ಹೆಸರು ಕನ್ನಡಿಗರ ಕಿವಿಗೆ ಪಂಕ್ತಿಯಲ್ಲಿ ಬಡಿಸುವವರ ಪ್ರಶ್ನೆಯಂತೆ ಕೇಳಿಸೀತು. ಅದು ಅಕ್ಕಿಯಿಂದ ಮಾಡಿದ ಮದ್ಯ. ಅನ್ನದ ಪಿಷ್ಟವನ್ನು ಕೋಜಿ ಎಂಬ ಬೂಷ್ಟು ಸಕ್ಕರೆಯಾಗಿಸುತ್ತದೆ, ಆ ಸಕ್ಕರೆಯನ್ನು ಕಿಣ್ವ ಮದ್ಯವಾಗಿಸುತ್ತದೆ. ಅದರಲ್ಲಿ ಮದ್ಯಸಾರ ಸುಮಾರು ನೂರಕ್ಕೆ 15 ಪಾಲು. ಅಂಗಡಿಯಲ್ಲಿ ‘ಅಡಿಗೆಯ ಸಾಕೆ’ ಎಂದು ಅಗ್ಗಕ್ಕೆ ದೊರೆಯುವುದು ಬೇರೆ. ಅದನ್ನು ಯಾರೂ ಕುಡಿಯದಿರಲೆಂದು ಉಪ್ಪು ಬೆರೆಸಿರುತ್ತಾರೆ. ಕಡಲಿನ ಉಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುವ ಅಸರಿಗೆ ಅದನ್ನೂ ಸುರಿದರೆ ತಟ್ಟೆ ಬಾಯಿಗಿಡಲು ಬಾರದು. ಕುಡಿಯುವ ಸಾಧಾರಣ ಸಾಕೆಯೇ ಇದಕ್ಕೆ ತಕ್ಕುದು.

ಆದರೆ ಕಷ್ಟವೆಲ್ಲ ಇರುವುದು ಚಿಪ್ಪಿನದು. ಮೊದಲ ಕಷ್ಟ ಅದು ಎಲ್ಲಿಯದೆಂದು ತಿಳಿಯುವುದು. 1983ರಲ್ಲಿ ಜಪಾನು ತನ್ನ ತೀರಗಳಿಂದ ಸುಮಾರು 1 ಲಕ್ಷ 60 ಸಾವಿರ ಟನ್ ಅಸರಿಯನ್ನು ತೆಗೆದಿತ್ತು. 2020ರ ಹೊತ್ತಿಗೆ ಅದು 5 ಸಾವಿರ ಟನ್ನಿಗೂ ಕಡಮೆಯಾಯಿತು. ಇಳಿತದಲ್ಲಿ ಬಯಲಾಗುವ ಕೆಸರುಮಣ್ಣಿನ ತೀರಗಳನ್ನು ತುಂಬಿ ನೆಲಮಾಡಿದ್ದು ಇದಕ್ಕೆ ಒಂದು ಕಾರಣ, ಬೇರೆಯವೂ ಉಂಟು. ಬೇಡಿಕೆ ಮಾತ್ರ ಇಳಿಯಲಿಲ್ಲ. ಹೊರಗಿನಿಂದ, ಹೆಚ್ಚಾಗಿ ಚೀನಾದಿಂದ, ಸರಕು ಬಂದಿತು. ಅದರಲ್ಲಿ ಬಹಳಷ್ಟು ಕುಮಾಮೊಟೊ ಪ್ರಾಂತದ ಹೆಸರು ಹೊತ್ತು ಮಾರಾಟವಾಯಿತು. 2022ರ ಆರಂಭದಲ್ಲಿ ಸರಕಾರದ ತನಿಖೆಯಿಂದ ಗುಟ್ಟು ಬಯಲಾಯಿತು: ಆ ಪ್ರಾಂತ 2020ರಲ್ಲಿ ಇಡೀ ವರ್ಷಕ್ಕೆ ಹಿಡಿದದ್ದು 21 ಟನ್, 2021ರ ಕೊನೆಯ ಮೂರು ತಿಂಗಳಲ್ಲಿ ಅದರ ಹೆಸರಿನಲ್ಲಿ ಮಾರಾಟವಾದದ್ದು ಎರಡು ಸಾವಿರ ಟನ್ನಿಗೂ ಮಿಕ್ಕಿ ಎಂದು ಅಂದಾಜು. ಪ್ರಾಂತವೇ ಎರಡು ತಿಂಗಳ ಕಾಲ ತನ್ನ ಅಸರಿಯ ರವಾನೆಯನ್ನು ನಿಲ್ಲಿಸಬೇಕಾಯಿತು. ಚೀನಾದ ಅಸರಿ ರುಚಿಗೆಟ್ಟದ್ದೆಂದು ಇದರ ಅರ್ಥವಲ್ಲ. ಚೀಟಿಯನ್ನು ನಂಬಿ ಹೆಚ್ಚು ಬೆಲೆ ತೆತ್ತು ಬಂದ ಗೃಹಿಣಿಗೆ ತಾನು ಮನೆಯವರಿಗೆ ಬಡಿಸಿದ್ದು ಏನೆಂಬುದೇ ತಿಳಿದಿರಲಿಲ್ಲವೆಂಬುದು ಇಲ್ಲಿಯ ನೋವು.

ಎರಡನೆಯ ಕಷ್ಟ ಮರಳು. ಅಸರಿ ಮರಳಿನಲ್ಲಿ ಹೂತು ಬಾಳುವುದು. ಅದನ್ನು ಹಾಗೆಯೇ ಬೇಯಿಸಿದರೆ ಹಲ್ಲಿಗೆ ಕರಕರ ಎಂದು ಸಿಕ್ಕಿ ಊಟವೆಲ್ಲ ಕೆಡುವುದು. ಅದರ ಬಾಯಿಂದ ಮರಳನ್ನು ಬಲವಂತದಿಂದ ತೆಗೆಯಲಾಗದು, ಅದಾಗಿಯೇ ಉಗುಳಬೇಕು. ಅದಕ್ಕಾಗಿ ಅದಕ್ಕೆ ಕಡಲನ್ನು ನಟಿಸಿ ತೋರಿಸಬೇಕು. ಒಂದು ಲೀಟರ್ ನೀರಿಗೆ 30 ಗ್ರಾಂ ಉಪ್ಪು. ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ತಲೆ ಮುಳುಗಿಯೂ ಮುಳುಗದಷ್ಟು ನೀರು ಹಾಕಬೇಕು. ತಳಕ್ಕೆ ಒಂದು ಜಾಲರಿ ಇಟ್ಟರೆ ಒಳ್ಳೆಯದು. ಉಗುಳಿದ ಮರಳನ್ನು ಅವೇ ಮತ್ತೆ ಒಳಗೆಳೆದುಕೊಳ್ಳಲಾರವು. ಕತ್ತಲಾದರೆ ಅವಕ್ಕೆ ಧೈರ್ಯ ಬರುವುದರಿಂದ ಮೇಲೆ ಕಾಗದದ ಹಾಳೆ. ಅಂಗಡಿಯದಾದರೆ ಎರಡು ಮೂರು ಗಂಟೆ ಸಾಕು. ರಜೆಯ ದಿನ ಮಕ್ಕಳೊಡನೆ ಇಳಿತದ ತೀರಕ್ಕೆ ಹೋಗಿ ತಾವೇ ಅಗೆದು ತಂದದ್ದಾದರೆ ಇಡೀ ರಾತ್ರಿ ಬೇಕು. ತಣ್ಣಗಿನ ಪೆಟ್ಟಿಗೆಯಲ್ಲಿಟ್ಟರೆ ಅವು ಮುದುರಿ ಕುಳಿತು ಏನನ್ನೂ ಉಗುಳವು.

ಬಳಿಕ ನೀರು ಬಸಿದು ಅರ್ಧ ಗಂಟೆ ಬಿಟ್ಟು, ಚಿಪ್ಪಿಗೆ ಚಿಪ್ಪನ್ನು ಉಜ್ಜಿ ತೊಳೆಯತಕ್ಕದ್ದು. ಆಗಲೇ ಬಾಯಿ ತೆರೆದಿರುವುದನ್ನು ಬೆರಳಿನಿಂದ ತಟ್ಟಿ ನೋಡಬೇಕು. ಮುಚ್ಚಿಕೊಂಡರೆ ಜೀವವಿದೆ, ಮುಚ್ಚದಿದ್ದರೆ ಸತ್ತಿದೆ, ಎಸೆಯಬೇಕು. ದುಡ್ಡು ಕೊಟ್ಟದ್ದೆಂಬ ಜಿಪುಣತನ ಇಲ್ಲಿ ಸಲ್ಲದು.

ಇನ್ನು ಅಡಿಗೆ. ಅದು ಹೇಳಿ ಮುಗಿಸುವುದರೊಳಗೆ ಆಗಿಹೋಗುವುದು. ಇಬ್ಬರಿಗೆ 300 ಗ್ರಾಂ ಅಸರಿ, ಬಾಣಲೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯೋ ಶುಂಠಿಯೋ ಸ್ವಲ್ಪ, ಮೇಲೆ ಅರ್ಧ ಬಟ್ಟಲು ಸಾಕೆ, ಬಿಗಿಯಾದ ಮುಚ್ಚಳ, ಉರಿ ಚುರುಕಾಗಿರಲಿ. ಮೂರು ನಾಲ್ಕು ನಿಮಿಷದಲ್ಲಿ ಮುಚ್ಚಳದೊಳಗೆ ಟಿಕ್ ಟಿಕ್ ಎಂದು ಸದ್ದು ಕೇಳಿಸುವುದು. ಚಿಪ್ಪಿನ ಕೀಲಿನಲ್ಲಿ ಅದನ್ನು ಸದಾ ತೆರೆಯಲೆಳಸುವ ಒಂದು ಸ್ಥಿತಿಸ್ಥಾಪಕ ಪಟ್ಟಿಯಿದೆ. ಒಳಗಿನ ಸ್ನಾಯು ಜೀವವಿರುವತನಕ ಅದನ್ನು ಬಿಗಿಹಿಡಿದಿರುತ್ತದೆ. ಕಾವಿಗೆ ಸ್ನಾಯು ಹಿಡಿತ ಬಿಟ್ಟೊಡನೆ ಕೀಲು ಗೆಲ್ಲುವುದು. ಎಲ್ಲವೂ ಬಾಯ್ದೆರೆದೊಡನೆ ಒಲೆಯಿಂದ ಇಳಿಸಬೇಕು. ಒಂದು ನಿಮಿಷ ಹೆಚ್ಚಾದರೂ ಮಾಂಸ ಮುದುರಿ ರಬ್ಬರಿನಂತಾಗುವುದು. ಕೊನೆಯವರೆಗೂ ತೆರೆಯದೆ ಉಳಿದದ್ದನ್ನು ತಿನ್ನದಿರುವುದೇ ಲೇಸು.

ಬೇಯುವಾಗ ಮದ್ಯವೆಲ್ಲ ಆವಿಯಾಗಿ ಹೋಗುವುದೆಂಬ ನಂಬಿಕೆ ಪೂರ್ತಿ ನಿಜವಲ್ಲ. ಇಷ್ಟು ಅಲ್ಪ ಕಾಲದಲ್ಲಿ, ಅದೂ ಮುಚ್ಚಿದ ಪಾತ್ರೆಯಲ್ಲಿ, ಕೊಂಚವಾದರೂ ಉಳಿದೇ ಉಳಿಯುವುದು. ಮದ್ಯ ವರ್ಜ್ಯವಾದ ಮನೆಯಲ್ಲಿ ಶುಂಠಿ ಹಾಕಿದ ನೀರಿನಲ್ಲಿ ಬೇಯಿಸಬಹುದು. ಹೆಸರನ್ನು ಮಾತ್ರ ಬದಲಾಯಿಸಬೇಕಾದೀತು.

ಮೇಲೆ ಸಣ್ಣಗೆ ಹೆಚ್ಚಿದ ಹಸಿರು ಈರುಳ್ಳಿ, ಬೇಕಾದರೆ ಎರಡು ಹನಿ ಸೋಯಾ ರಸ. ಉಪ್ಪು ಹಾಕುವಂತಿಲ್ಲ. ತಟ್ಟೆಯ ತಳದಲ್ಲಿ ಅಕ್ಕಿ ತೊಳೆದ ನೀರಿನಂತೆ ಮಸುಕಾಗಿ ನಿಂತ ರಸವೇ ಇದರ ಸಾರ. ಮಾಂಸವನ್ನು ಕಡ್ಡಿಗಳಿಂದ ಎತ್ತಿ ತಿಂದವರು ಚಿಪ್ಪುಗಳನ್ನು ಪಕ್ಕದ ಬಟ್ಟಲಿಗೆ ಹಾಕುತ್ತಾರೆ. ರಸವನ್ನು ಮಾತ್ರ ಯಾರೂ ಬಿಡುವುದಿಲ್ಲ. ಕೆಲವರು ಅದನ್ನು ಅನ್ನದ ಮೇಲೆ ಸುರಿದುಕೊಳ್ಳುವರು. ಹಿರಿಯರು ತಟ್ಟೆಯನ್ನೇ ಎತ್ತಿ ಕುಡಿಯುವುದೂ ಉಂಟು, ತಳದಲ್ಲಿ ಮರಳು ಇಲ್ಲವೆಂದು ಒಮ್ಮೆ ನೋಡಿಕೊಂಡು.