ಮೈದಾನ ಕಟ್ಟುವವರಿದ್ದಾರೆ, ಕಾಯುವವರು ಯಾರು?

ಅಕ್ಕಲಕೋಟೆ: ಬೆಳಗಿನ ಜಾವ ಐದೂವರೆ ಗಂಟೆ. ಸೊಲ್ಲಾಪುರ-ಅಕ್ಕಲಕೋಟೆ ಹೆದ್ದಾರಿಯ ಅಂಚಿನಲ್ಲಿ ಹಳ್ಳಿಯ ಹುಡುಗರು ಸಾಲಾಗಿ ಓಡುತ್ತಿರುತ್ತಾರೆ. ಇದು ಪೊಲೀಸ್ ಭರತಿಯ ತಯಾರಿ. ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರತಿಯ ಮೈದಾನಿ ಪರೀಕ್ಷೆಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್ ಓಟವಿದೆ. ಇಬ್ಬರಿಗೂ 100 ಮೀಟರ್ ಓಟ ಮತ್ತು ಗುಂಡು ಎಸೆತವಿದೆ. ಒಟ್ಟು 50 ಅಂಕ. 1600 ಮೀಟರ್ ಎಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಊರಲ್ಲಿ ಟ್ರ್ಯಾಕ್ ಇಲ್ಲದವರು ರಸ್ತೆಯ ಕಿಲೋಮೀಟರ್ ಕಲ್ಲು ನೋಡಿ ಅಳತೆ ಹಾಕಿಕೊಳ್ಳುತ್ತಾರೆ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್, ಹಿಂದಿನಿಂದ ಯಾತ್ರಿಕರ ಬಸ್ಸು. ಈ ಸಾಲಿನಲ್ಲಿ ಹುಡುಗಿಯರು ಕಾಣುವುದು ಕಡಿಮೆ. ಕತ್ತಲಲ್ಲಿ ಮಗಳನ್ನು ಹೆದ್ದಾರಿಗೆ ಕಳಿಸುವ ತಾಯಿ-ತಂದೆ ಎಷ್ಟು ಜನ ಸಿಕ್ಕಾರು?

ಉದ್ಯಾನ, ಮೈದಾನ ಎಂದರೆ ಹೊಟ್ಟೆ ತುಂಬಿದವರ ಶೋಕಿ ಎಂಬ ಮಾತು ನಮ್ಮ ಭಾಗದಲ್ಲಿ ಹಳೆಯದು. ಆದರೆ ಗಡಿಭಾಗದ ಒಣ ಬೇಸಾಯದ ಮನೆಗಳಿಗೆ ಒಂದು ಸರ್ಕಾರಿ ನೌಕರಿ ಎಂದರೆ ಏನು ಎಂಬುದನ್ನು ಬಲ್ಲವರು ಹಾಗೆ ಹೇಳಲಾರರು. ಮೈದಾನ ಇಲ್ಲಿ ಆಟದ ಮಾತಷ್ಟೇ ಅಲ್ಲ, ಅನ್ನದ ಮಾತೂ ಹೌದು.

ಈ ಪ್ರಶ್ನೆಯನ್ನು ಈಗ ಕೇಳಲು ಕಾರಣವಿದೆ. ಸೊಲ್ಲಾಪುರ ಮಹಾನಗರಪಾಲಿಕೆಯಲ್ಲಿ 2022ರ ಮಾರ್ಚ್‌ನಿಂದ ಚುನಾಯಿತ ಸದಸ್ಯರೇ ಇರಲಿಲ್ಲ. ಪ್ರಶಾಸಕರ ಆಡಳಿತ ಸುಮಾರು ನಾಲ್ಕು ವರ್ಷ ನಡೆಯಿತು. ನಗರ ಪರಿಷತ್ತುಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಸುಪ್ರೀಂ ಕೋರ್ಟಿನ ಆದೇಶದ ನಂತರ ರಾಜ್ಯದ ನಗರ ಪರಿಷತ್ತುಗಳಿಗೆ 2025ರ ಡಿಸೆಂಬರ್‌ನಲ್ಲಿ, ಮಹಾನಗರಪಾಲಿಕೆಗಳಿಗೆ 2026ರ ಜನವರಿ 15ರಂದು ಮತದಾನವಾಯಿತು. ಉದ್ಯಾನದ ದೀಪ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದಕ್ಕೆ ಈಗ ಉತ್ತರವಿದೆ. ತಟ್ಟಿದ ಮೇಲೆ ಏನು ಕೇಳಬೇಕು ಎಂಬುದೇ ಮುಖ್ಯ.

<b>ಕಾನೂನಿನಲ್ಲೇ ಹಿಂದಿನ ಸಾಲು</b>

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರೊಂದಿಗೆ ಬಂದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಉದ್ಯಾನ, ತೋಟ, ಆಟದ ಮೈದಾನ ಅದರಲ್ಲಿ 12ನೆಯದು. ಕಾಗದದಲ್ಲಿ ಸ್ಥಾನ ದೊಡ್ಡದೇ.

ಆದರೆ ದಿನನಿತ್ಯದ ಆಡಳಿತ ನಡೆಯುವುದು ರಾಜ್ಯದ ಕಾಯ್ದೆಗಳ ಮೇಲೆ. ಮಹಾನಗರಪಾಲಿಕೆಗಳಿಗೆ 1949ರ ಕಾಯ್ದೆ, ನಗರ ಪರಿಷತ್ತುಗಳಿಗೆ 1965ರ ಕಾಯ್ದೆ. ಎರಡೂ ಕಾಯ್ದೆಗಳು ಕೆಲಸಗಳನ್ನು ಎರಡು ಪಾಲು ಮಾಡಿವೆ: ಒಂದು ಕಡ್ಡಾಯ, ಇನ್ನೊಂದು ಐಚ್ಛಿಕ. ನೀರು, ಗಟಾರ, ಕಸ, ಬೀದಿ ದೀಪ ಕಡ್ಡಾಯದ ಪಟ್ಟಿಯಲ್ಲಿವೆ. ಸಾರ್ವಜನಿಕ ಉದ್ಯಾನ ಐಚ್ಛಿಕದ ಪಟ್ಟಿಯಲ್ಲಿದೆ. ಅಂದರೆ ಮಾಡಿದರೆ ಸಂತೋಷ, ಮಾಡದಿದ್ದರೆ ಕೇಳುವಂತಿಲ್ಲ. ಕರವಸೂಲಿ ಕಡಿಮೆಯಾದ ವರ್ಷ ಮೊದಲು ಕತ್ತರಿ ಬೀಳುವುದು ಎಲ್ಲಿಗೆ ಎಂದು ಬೇರೆ ಹೇಳಬೇಕಿಲ್ಲ.

2011ರ ಜನಗಣತಿಯಲ್ಲಿ ಸೊಲ್ಲಾಪುರದ ಜನಸಂಖ್ಯೆ 9,51,558. ಅಕ್ಕಲಕೋಟೆಯದು ಸುಮಾರು 40 ಸಾವಿರ. ಅದೇ ತಾಲೂಕಿನ ಮೈಂದರ್ಗಿ, ದುಧನಿಗಳು ಇನ್ನೂ ಚಿಕ್ಕವು, ‘ಕ’ ವರ್ಗದ ನಗರ ಪರಿಷತ್ತುಗಳು. ಸೊಲ್ಲಾಪುರಕ್ಕೆ ಪ್ರತ್ಯೇಕ ಉದ್ಯಾನ ವಿಭಾಗವಿದೆ. ಚಿಕ್ಕ ಊರಲ್ಲಿ ನೀರು ಬಿಡುವವನೇ ಗಿಡಕ್ಕೂ ನೀರು ಹಾಕಬೇಕು, ಗೇಟಿನ ಕೀಲಿಯೂ ಅವನದೇ.

<b>ಕಟ್ಟಲು ಹಣ ಬರುತ್ತದೆ</b>

ಕಟ್ಟುವ ಹಣಕ್ಕೆ ಯೋಜನೆಗಳ ಕೊರತೆ ಇಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರ 9ನೇ ಸ್ಥಾನ ಪಡೆಯಿತು. 2015ರ ಅಮೃತ ಯೋಜನೆಯಲ್ಲಿ ಉದ್ಯಾನಗಳಿಗೆಂದೇ ಶೇ. 2.5ರವರೆಗೆ ಪಾಲು ಇತ್ತು. ಆದರೆ ಅದು ಮುಖ್ಯವಾಗಿ ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ. ಅಕ್ಕಲಕೋಟೆಯಂಥ ಊರುಗಳಿಗೆ ಬಾಗಿಲು ತೆರೆದದ್ದು 2021ರ ಎರಡನೇ ಹಂತದಲ್ಲಿ. ತಾಲೂಕು ಕ್ರೀಡಾ ಸಂಕುಲಕ್ಕೆ ಮೊದಲು 1 ಕೋಟಿ ರೂಪಾಯಿ ಮಿತಿ ಇತ್ತು. 2022ರಲ್ಲಿ ರಾಜ್ಯ ಸರ್ಕಾರ ಅದನ್ನು 5 ಕೋಟಿಗೆ ಏರಿಸಿತು.

ಇವೆಲ್ಲ ಕಟ್ಟುವ ಹಣ. ಕಮಾನು, ಕಾರಂಜಿ, ಓಪನ್ ಜಿಮ್, ಆವರಣ ಗೋಡೆ. ಉದ್ಘಾಟನೆಗೆ ಫಲಕ, ಫಲಕದ ಮೇಲೆ ಹೆಸರುಗಳು. ಮರುವರ್ಷ ಮಾಲಿಯ ಪಗಾರ, ಮೋಟಾರಿನ ಕರೆಂಟ್ ಬಿಲ್ಲು, ಮುರಿದ ಜೋಕಾಲಿಯ ವೆಲ್ಡಿಂಗ್ ಯಾರ ಲೆಕ್ಕದಲ್ಲಿ? ಮಾಲಿಯ ಪಗಾರಕ್ಕೆ ಫಲಕ ಹಾಕುವ ಪದ್ಧತಿ ಎಲ್ಲೂ ಇಲ್ಲ. ಹಾಗಾಗಿ ಅದಕ್ಕೆ ಹಣ ಹುಡುಕುವ ಉತ್ಸಾಹವೂ ಯಾರಿಗೂ ಇಲ್ಲ.

ಸೊಲ್ಲಾಪುರದ ಪಾರ್ಕ್ ಮೈದಾನ, ಅಂದರೆ ಇಂದಿರಾ ಗಾಂಧಿ ಸ್ಟೇಡಿಯಂ, ಇದಕ್ಕೆ ದೊಡ್ಡ ಉದಾಹರಣೆ. ಸ್ಮಾರ್ಟ್ ಸಿಟಿ ಹಣದಲ್ಲಿ ಅದರ ರೂಪ ಬದಲಾಯಿತು. 2024ರ ಜನವರಿಯಲ್ಲಿ ಅಲ್ಲಿ ಮಹಾರಾಷ್ಟ್ರ-ಮಣಿಪುರ ರಣಜಿ ಪಂದ್ಯ ನಡೆಯಿತು. ಸುಮಾರು ಮೂರು ದಶಕಗಳ ನಂತರ ಊರಿಗೆ ರಣಜಿ ಬಂದಿತ್ತು, ಜನ ಸಂಭ್ರಮಪಟ್ಟರು. ಆದರೆ ಸ್ಮಾರ್ಟ್ ಸಿಟಿ ಕೆಲಸ ಮಾಡಿಸಿದ್ದು ಪಾಲಿಕೆಯಲ್ಲ, ಅದಕ್ಕಾಗಿಯೇ ಸ್ಥಾಪಿಸಿದ ಕಂಪನಿ. ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಟ್ಟಿದ್ದು ಒಬ್ಬರು, ಕಾಯಬೇಕಾದ್ದು ಇನ್ನೊಬ್ಬರು. ಒಳ್ಳೆಯ ಪಿಚ್ ಮಾಡಿದ ಮೇಲೆ ಅದನ್ನು ಕಾಪಾಡಲು ಗೇಟು ಮುಚ್ಚಬೇಕಾಗುತ್ತದೆ. ಮುಚ್ಚಿದರೆ ಬೀದಿಯ ಹುಡುಗ ಹೊರಗೆ. ತೆರೆದಿಟ್ಟರೆ ಪಿಚ್ ಹಾಳು. ಇದಕ್ಕೆ ಉತ್ತರ ಇನ್ನೊಂದು ಸ್ಟೇಡಿಯಂ ಅಲ್ಲ. ಪ್ರತಿ ವಾರ್ಡಿನಲ್ಲೂ ಗೇಟಿಲ್ಲದ ಒಂದು ಸಾದಾ ಮೈದಾನ.

<b>ಹೋಮದ ಮೈದಾನ ಕಲಿಸುವ ಪಾಠ</b>

ಒಂದೇ ಜಾಗಕ್ಕೆ ಹಲವರು ಹಕ್ಕುದಾರರಾದಾಗ ಏನು ಮಾಡಬೇಕು? ಸೊಲ್ಲಾಪುರದ ಹೋಮ್ ಮೈದಾನವನ್ನು ನೋಡಬೇಕು. ಇಂಗ್ಲಿಷ್ ಓದಿದ ಮಕ್ಕಳು ಅದನ್ನು ‘ಮನೆ’ ಎಂಬ ಅರ್ಥದ ಹೋಮ್ ಎಂದುಕೊಳ್ಳುತ್ತಾರೆ. ನಿಜವಾಗಿ ಅದು ಹೋಮ. ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯಲ್ಲಿ ಸಂಕ್ರಾಂತಿಯ ದಿನ ಹೋಮ ನಡೆಯುವ ಜಾಗ. ಏಳು ನಂದಿಧ್ವಜಗಳು ಬಂದು ಸೇರುವ ಸ್ಥಳ.

ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಮೈದಾನ ಜಾತ್ರೆಯದು: ತೊಟ್ಟಿಲು, ಮಿಠಾಯಿ ಅಂಗಡಿ, ಪಾಳಣೆ. ಉಳಿದ ದಿನಗಳಲ್ಲಿ ವಾಕಿಂಗ್ ಮಾಡುವವರದು, ಆಡುವ ಮಕ್ಕಳದು. ಜಗಳ ಇರಲಿಲ್ಲವೆಂದಲ್ಲ. 2015-16ರ ಸುಮಾರಿಗೆ ಧೂಳು ತಡೆಯಲು ಮ್ಯಾಟ್ ಹಾಸುವುದು, ತುರ್ತು ರಸ್ತೆ ಬಿಡುವುದು ಇವುಗಳ ಬಗ್ಗೆ ಜಿಲ್ಲಾಡಳಿತಕ್ಕೂ ದೇವಸ್ಥಾನದ ಪಂಚ ಕಮಿಟಿಗೂ ದೊಡ್ಡ ತಕರಾರೇ ಆಗಿತ್ತು. ಆದರೂ ಇಲ್ಲಿ ಒಂದು ಒಳ್ಳೆಯದಿದೆ. ಯಾವ ದಿನ ಯಾರದು ಎಂಬುದು ಊರಿಗೆಲ್ಲ ಗೊತ್ತು. ಜಾತ್ರೆ ಮುಗಿದ ಮೇಲೆ ಮೈದಾನ ಮತ್ತೆ ಮಕ್ಕಳ ಕೈಗೆ ಬರುತ್ತದೆ.

ಬೇರೆ ಮೈದಾನಗಳಿಗೆ ಇಂಥ ಪಂಚಾಂಗವೇ ಇಲ್ಲ. ಇಂದು ಸಭೆ, ನಾಳೆ ಮದುವೆ, ನಾಡಿದ್ದು ಪ್ರದರ್ಶನ. ಪೆಂಡಾಲಿನ ಗೂಟ ಕಿತ್ತ ಕುಳಿ ಹಾಗೇ ಉಳಿಯುತ್ತದೆ. ಕಬಡ್ಡಿ ಆಡುವ ಹುಡುಗನ ಕಾಲು ಉಳುಕುವುದು ಆ ಕುಳಿಯಲ್ಲೇ.

ಅಕ್ಕಲಕೋಟೆಯಲ್ಲಿ ಒತ್ತಡ ಇನ್ನೂ ಹೆಚ್ಚು. ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ, ಹುಣ್ಣಿಮೆ, ದತ್ತ ಜಯಂತಿ, ಗುರುಪೂರ್ಣಿಮೆಗಳಲ್ಲಿ ಊರಿನ ಜನಸಂಖ್ಯೆಯನ್ನು ಮೀರಿಸುವಷ್ಟು ಭಕ್ತರು ಬರುತ್ತಾರೆ. ಗಾಡಿ ನಿಲ್ಲಿಸಲು ಜಾಗ ಬೇಕು. ಬಯಲು ಎಲ್ಲಿ ಕಂಡರೂ ಅದು ಪಾರ್ಕಿಂಗ್. ಹಳೆಯ ಸಂಸ್ಥಾನಿಕರ ಹೆಸರು ಹೊತ್ತ ಫತ್ತೇಸಿಂಹ ಮೈದಾನ ಆಟಕ್ಕೂ ಬೇಕು, ಸಭೆಗೂ ಬೇಕು. ಭಕ್ತರಿಂದ ಊರಿಗೆ ವ್ಯಾಪಾರವಿದೆ, ಅದನ್ನು ಬೇಡ ಎನ್ನುವವರಿಲ್ಲ. ಆದರೆ ತೀರ್ಥಕ್ಷೇತ್ರದ ಅಭಿವೃದ್ಧಿ ಆರಾಖಡಾ ಮಾಡುವಾಗ ಯಾತ್ರಿಕನ ಗಾಡಿಗೆ ಜಾಗ ಗುರುತಿಸಿದಂತೆ ಊರಿನ ಮಗುವಿನ ಚೆಂಡಿಗೂ ಜಾಗ ಗುರುತಿಸಬೇಕಲ್ಲವೇ?

<b>ಹುಲ್ಲುಹಾಸೋ, ನೆರಳೋ?</b>

ನಮ್ಮದು ಮಳೆ ನೆರಳಿನ ಜಿಲ್ಲೆ. ಬೇಸಿಗೆಯಲ್ಲಿ ಬಿಸಿಲು 43 ಡಿಗ್ರಿ ದಾಟುತ್ತದೆ. ಸೊಲ್ಲಾಪುರದ ಜನ ಉಜನಿಯ ನೀರಿಗಾಗಿ ನಾಲ್ಕೈದು ದಿನ ಕಾದ ವರ್ಷಗಳು ಎಷ್ಟೋ. ಅಕ್ಕಲಕೋಟೆ, ಮೈಂದರ್ಗಿ, ದುಧನಿಗಳ ಕಣ್ಣು ಬೋರಿ ನದಿಯ ಕುರನೂರ ಧರಣದ ಮೇಲೆ. ಕುಡಿಯುವ ನೀರಿಗೇ ಸರದಿ ಇರುವಾಗ ಹುಲ್ಲುಹಾಸಿಗೆ ನೀರು ಬಿಡಿ ಎಂದು ಯಾವ ನಗರಸೇವಕ ಕೇಳಿಯಾನು? ಅಧಿಕಾರಿಗಳ ಈ ಮಾತಿನಲ್ಲಿ ಸತ್ಯವಿದೆ.

ಆದರೆ ಉದ್ಯಾನ ಎಂದರೆ ಪುಣೆಯ ಹಸಿರು ಹಾಸು ಎಂದೇ ಯಾಕೆ ತಿಳಿಯಬೇಕು? ಬೇವು, ಹೊಂಗೆ, ಆಲ, ಹುಣಸೆ ಈ ಮಣ್ಣಿನ ಮರಗಳು. ಎರಡು-ಮೂರು ಬೇಸಿಗೆ ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡರೆ ಮುಂದೆ ತಾವೇ ಬದುಕುತ್ತವೆ. ವಿಜಾಪುರ ರಸ್ತೆಯ ಕಂಬಾರ ಕೆರೆಯ ದಂಡೆಗೆ (ಈಗಿನ ಹೆಸರು ಧರ್ಮವೀರ ಸಂಭಾಜಿ ಕೆರೆ) ಜನ ಹೋಗುವುದು ಗಾಳಿಗೆ, ನೆರಳಿಗೆ, ಹಕ್ಕಿ ನೋಡಲಿಕ್ಕೆ. ನಮ್ಮ ಊರುಗಳಿಗೆ ಬೇಕಾದದ್ದು ನೆರಳಿನ ಕಟ್ಟೆ, ಕುಡಿಯುವ ನೀರು, ಶೌಚಾಲಯ, ಸಮತಟ್ಟಾದ ಮಣ್ಣಿನ ಅಂಗಳ. ಕುಸ್ತಿಗೆ, ಕಬಡ್ಡಿಗೆ, ಖೋ-ಖೋಗೆ ಮಣ್ಣೇ ಸಾಕು. ನಮ್ಮ ತಾಲೀಮುಗಳು ಮಣ್ಣಿನ ಮೇಲೇ ಬೆಳೆದವು.

<b>ಜಾಗ ಕೈತಪ್ಪುವುದು ಹೀಗೆ</b>

ಮೈದಾನಗಳು ಒಂದೇ ರಾತ್ರಿಯಲ್ಲಿ ಮಾಯವಾಗುವುದಿಲ್ಲ. ನಗರ ವಿಕಾಸ ಆರಾಖಡಾದಲ್ಲಿ ಉದ್ಯಾನಕ್ಕೆ ಆರಕ್ಷಣ ಎಂದು ಬಣ್ಣ ಬಳಿದಿರುತ್ತಾರೆ. 1966ರ ನಗರ ರಚನಾ ಕಾಯ್ದೆಯ 127ನೇ ಕಲಮಿನಂತೆ ಹತ್ತು ವರ್ಷದೊಳಗೆ ಆ ಜಾಗ ವಶಕ್ಕೆ ಬಾರದಿದ್ದರೆ ಮಾಲೀಕ ನೋಟಿಸು ಕೊಡಬಹುದು. ನಂತರ 24 ತಿಂಗಳಲ್ಲಿ ಭೂಸ್ವಾಧೀನದ ಹೆಜ್ಜೆ ಇಡದಿದ್ದರೆ ಆರಕ್ಷಣ ರದ್ದು. ಮಾಲೀಕನದು ತಪ್ಪಲ್ಲ, ಅವನ ಜಮೀನನ್ನು ಎಷ್ಟು ದಿನ ಕಟ್ಟಿಹಾಕಲು ಸಾಧ್ಯ? ತಪ್ಪು ನೋಟಿಸನ್ನು ಫೈಲಿನಲ್ಲಿ ಮಲಗಿಸುವವರದು.

ಎರಡನೆಯದು ಲೇಔಟಿನ ಖುಲ್ಲಾ ಜಾಗ. 2020ರ ಏಕೀಕೃತ ನಿಯಮಾವಳಿಯಂತೆ 4000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಲೇಔಟಿನಲ್ಲಿ ಶೇ. 10 ಜಾಗ ವಿಹಾರಕ್ಕೆ ಬಿಡಬೇಕು. ನಕ್ಷೆಯಲ್ಲಿ ಬಿಟ್ಟಿರುತ್ತಾರೆ. ಐದು ವರ್ಷದ ನಂತರ ಅಲ್ಲಿ ಶೆಡ್ಡು, ಗುಡಿ ಅಥವಾ ತಿಪ್ಪೆ.

ಗಡಿಯಾಚೆ ಕರ್ನಾಟಕದಲ್ಲಿ ಉದ್ಯಾನ, ಮೈದಾನಗಳ ರಕ್ಷಣೆಗೆಂದೇ 1985ರ ಪ್ರತ್ಯೇಕ ಕಾಯ್ದೆ ಇದೆ. ಬೆಂಗಳೂರಿನ ಬಡಾವಣೆಯೊಂದರ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಒಯ್ದರು. 1991ರಲ್ಲಿ ಮುದ್ದಪ್ಪ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆ ತೀರ್ಪು ಸೊಲ್ಲಾಪುರಕ್ಕೂ ಅನ್ವಯ. ಹಳ್ಳಿಗಳ ಮಟ್ಟಿಗೆ 2011ರ ಜಗಪಾಲ್ ಸಿಂಗ್ ಪ್ರಕರಣದ ತೀರ್ಪು ಗಾಯರಾನದಂಥ ಸಾಮೂಹಿಕ ಜಮೀನಿನ ಅತಿಕ್ರಮಣ ತೆರವು ಮಾಡಲು ಹೇಳಿದೆ. ನಾಗಣಸೂರಿರಲಿ, ಕರಜಗಿ-ಜೇವೂರಿರಲಿ, ಆಟಕ್ಕೆ ಯೋಗ್ಯವಾದ ಜಾಗ ಸಾಮಾನ್ಯವಾಗಿ ಎರಡೇ: ಶಾಲೆಯ ಅಂಗಳ, ಇಲ್ಲವೇ ಗಾಯರಾನ. ಶಾಲೆಗೆ ಮೈದಾನ ಇರಲೇಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಕನ್ನಡ ಶಾಲೆಯಾಗಲಿ ಮರಾಠಿ ಶಾಲೆಯಾಗಲಿ, ಸಂಜೆ ಗೇಟು ತೆರೆದಿದ್ದರೆ ಊರಿಗೆಲ್ಲ ಅದೇ ಮೈದಾನ.

<b>ಕೇಳಬೇಕಾದ್ದು ನಾಲ್ಕು</b>

ಹೊಸ ಸದಸ್ಯರ ಮುಂದೆ ಜನ ಹೊಸ ಸ್ಟೇಡಿಯಂ ಕೇಳುವ ಬದಲು ನಾಲ್ಕು ಸಣ್ಣ ಬೇಡಿಕೆ ಇಡಬಹುದು.

ಒಂದು, ಊರಿನ ಎಲ್ಲ ಉದ್ಯಾನ, ಮೈದಾನ, ಖುಲ್ಲಾ ಜಾಗಗಳ ಪಟ್ಟಿ ಸರ್ವಸಾಧಾರಣ ಸಭೆಯ ಮುಂದೆ ಬರಲಿ. ಸಾತಬಾರಾ ಉತಾರಾ ಅಥವಾ ಸಿಟಿ ಸರ್ವೆ ದಾಖಲೆಯಲ್ಲಿ ಸಂಸ್ಥೆಯ ಹೆಸರಿದೆಯೇ ಎಂದು ನೋಡಲಿ. ಪಟ್ಟಿಯಲ್ಲಿಲ್ಲದ ಜಾಗವನ್ನು ಯಾವ ಕೋರ್ಟೂ ಉಳಿಸಿಕೊಡುವುದು ಕಷ್ಟ.

ಎರಡು, ಬಜೆಟ್ಟಿನಲ್ಲಿ ಕಟ್ಟುವ ಖರ್ಚು ಬೇರೆ, ಕಾಯುವ ಖರ್ಚು ಬೇರೆ ಎಂದು ಎರಡು ಸಾಲು ಇರಲಿ. ಮುಂದಿನ ಐದು ವರ್ಷ ಕಾಯುವ ಹಣ ಎಲ್ಲಿಂದ ಎಂದು ಬರೆಯದೆ ಹೊಸ ಕಾಮಗಾರಿಗೆ ಮಂಜೂರಾತಿ ಬೇಡ.

ಮೂರು, ಹೋಮ್ ಮೈದಾನದಂತೆ ಪ್ರತಿ ಮೈದಾನಕ್ಕೂ ವರ್ಷದ ಪಂಚಾಂಗ ಇರಲಿ. ಬಾಡಿಗೆಗೆ ಕೊಟ್ಟರೆ ಅನಾಮತ್ತು ಹಣ ಇಟ್ಟುಕೊಂಡು, ಕುಳಿ ಮುಚ್ಚಿದ ಮೇಲೆಯೇ ಮರಳಿಸಲಿ.

ನಾಲ್ಕು, ಹುಡುಗಿಯರಿಗೆ ನಿಗದಿತ ಸಮಯ, ದೀಪ ಮತ್ತು ಒಬ್ಬ ತರಬೇತುದಾರ. ನಗರ ಸಂಸ್ಥೆಗಳಲ್ಲಿ ಮಹಿಳಾ-ಮಕ್ಕಳ ಕಲ್ಯಾಣಕ್ಕೆ ಶೇ. 5, ಗ್ರಾಮ ಪಂಚಾಯಿತಿಯಲ್ಲಿ ಶೇ. 10 ಎತ್ತಿಡುವ ಪದ್ಧತಿ ಇದೆ. ಅದರಲ್ಲಿ ಆಟದ ತರಬೇತಿಗೊಂದು ಪಾಲು ಕೇಳಲು ಯಾವ ಅಡ್ಡಿ? ಇದೇ ಜಿಲ್ಲೆಯ ಮಿರೆ ಗ್ರಾಮದ ಕಿರಣ್ ನವಗಿರೆ 2022ರಲ್ಲಿ ಭಾರತದ ಕ್ರಿಕೆಟ್ ತಂಡದಲ್ಲಿ ಆಡಿದರು. ಹಳ್ಳಿಯ ಹುಡುಗಿಗೆ ಶಕ್ತಿ ಇಲ್ಲವೆಂದಲ್ಲ, ಓಡಲು ಜಾಗವಿಲ್ಲ.

ದತ್ತು ಕೊಡುವ ಮಾತೂ ಕೇಳಿಬರುತ್ತದೆ. ತರುಣ ಮಂಡಳ, ದೇವಸ್ಥಾನ ಟ್ರಸ್ಟ್, ಕಾರ್ಖಾನೆ ಯಾರಾದರೂ ಒಂದು ಉದ್ಯಾನ ನೋಡಿಕೊಂಡರೆ ಒಳ್ಳೆಯದೇ. ಆದರೆ ಕರಾರು ಬರಹದಲ್ಲಿರಬೇಕು, ಪ್ರವೇಶ ಉಚಿತವಿರಬೇಕು, ಕೀಲಿ ಸಾರ್ವಜನಿಕರ ಸಂಸ್ಥೆಯ ಕೈಯಲ್ಲೇ ಇರಬೇಕು. ಇಲ್ಲವಾದರೆ ದತ್ತು ಕೊಟ್ಟ ಕೂಸು ಮರಳಿ ಮನೆಗೆ ಬರುವುದಿಲ್ಲ.

ಸಿದ್ಧರಾಮರು 12ನೇ ಶತಮಾನದಲ್ಲಿ ಈ ಊರಿಗೆ ಕೆರೆ ಕಟ್ಟಿಸಿದರು. ಆ ಕೆರೆ ಇಂದಿಗೂ ಇದೆ ಎಂದರೆ ಕಟ್ಟಿದವರಷ್ಟೇ ಅಲ್ಲ, ನಂತರದ ತಲೆಮಾರುಗಳು ಹೂಳೆತ್ತಿ ಕಾಯ್ದದ್ದೂ ಕಾರಣ. ಹೊಸ ಆಡಳಿತದವರು ಉದ್ಘಾಟನೆಯ ಕತ್ತರಿ ಹಿಡಿಯುವ ಮೊದಲು ಮಾಲಿಯ ಪಗಾರದ ಪಟ್ಟಿಗೆ ಸಹಿ ಹಾಕಲಿ. ಹೆದ್ದಾರಿಯಲ್ಲಿ ಓಡುವ ಮಕ್ಕಳು ಮೈದಾನಕ್ಕೆ ಇಳಿದ ದಿನ ಅದೇ ದೊಡ್ಡ ಉದ್ಘಾಟನೆ.