ಭೂಕಂಪಗಳು ಹೆಚ್ಚಿರುವವೇ?

ಭೂಮಿಯು ಈಚೆಗೆ ಮೇಲಿಂದ ಮೇಲೆ ನಡುಗಹತ್ತಿದೆಯೆಂಬ ಮಾತು ಪೇಟೆಯ ಕಟ್ಟೆಗಳ ಮೇಲೂ ಶಾಲೆಗಳ ಉಪಾಧ್ಯಾಯ ವರ್ಗದಲ್ಲಿಯೂ ಕೇಳಬರುತ್ತಿರುವದು. ೨೦೨೩ನೆಯ ಇಸವಿಯ ಫೆಬ್ರುವರಿ ೬ರಂದು ತುರ್ಕಿ ದೇಶದಲ್ಲಿ ಒಂದೇ ದಿನ ಎರಡು ಮಹಾಕಂಪಗಳಾಗಿ, ಆ ದೇಶವೊಂದರಲ್ಲಿಯೇ ಐವತ್ತು ಸಾವಿರಕ್ಕೆ ಮಿಕ್ಕಿ ಜನರು ಮಡಿದರು. ೨೦೨೫ರ ಮಾರ್ಚಿನಲ್ಲಿ ಲೋಕಮಾನ್ಯರು ಆರು ವರ್ಷ ಸೆರೆಯಲ್ಲಿ ಕಳೆದ ಬ್ರಹ್ಮದೇಶದ ಮಂಡಾಲೆಯು ಹಾಳಾಯಿತು. ಅದೇ ವರ್ಷದ ಜುಲೈಯಲ್ಲಿ ರಶಿಯಾದ ಕಾಮ್ಚಾಟ್ಕಾದಲ್ಲಿ ಇವೆಲ್ಲಕ್ಕೂ ದೊಡ್ಡದಾದ ಕಂಪವಾಯಿತು. ಇವನ್ನು ಒಂದರ ಹಿಂದೊಂದು ಓದಿದವರ ಮನಸ್ಸು ಅಳುಕಿದರೆ ಅದು ಸಹಜವೇ. ಕೆಲವರು ಕಲಿಯುಗದ ಕೊನೆಯನ್ನು ಕಾಣುತ್ತಾರೆ. ಕೆಲವರು ಅಣುಬಾಂಬಿನ ಪರೀಕ್ಷೆಗಳನ್ನು ದೂರುತ್ತಾರೆ. ಆದರೆ ಎಣಿಸದೆಯೇ ಹೆಚ್ಚಿತೆಂದು ಹೇಳುವದು ನ್ಯಾಯವಲ್ಲ. ಮೊದಲು ಎಣಿಕೆಯನ್ನೇ ನೋಡುವಾ.

೧೯೦೦ನೆಯ ಇಸವಿಯಿಂದೀಚಿನ ಲೆಕ್ಕವನ್ನು ಶಾಸ್ತ್ರಜ್ಞರು ಇಟ್ಟಿರುವರು. ಅದರಂತೆ ೭ ಅಥವಾ ಅದಕ್ಕೂ ಮೇಲಿನ ಪ್ರಮಾಣದ ಕಂಪಗಳು ಜಗತ್ತಿನಲ್ಲಿ ಸರಾಸರಿಯಿಂದ ವರ್ಷಕ್ಕೆ ಹದಿನಾರು ಆಗುತ್ತವೆ. ಅವುಗಳಲ್ಲಿ ಒಂದು ೮ನ್ನು ಮುಟ್ಟುವದು. ೨೦೧೦ರಲ್ಲಿ ಇಂಥವು ಇಪ್ಪತ್ತಮೂರಾದವು. ೧೯೮೯ರಲ್ಲಿ ಆರೇ ಆರು. ಒಂದು ವರ್ಷ ಏರುವದು, ಇನ್ನೊಂದು ವರ್ಷ ಇಳಿಯುವದು. ಆದರೆ ನೂರು ವರ್ಷಗಳನ್ನು ಕೂಡಿಸಿ ನೋಡಿದರೆ ಏರುತ್ತ ನಡೆದ ಗುರುತು ಎಲ್ಲಿಯೂ ಕಾಣುವದಿಲ್ಲ.

ಹಾಗಾದರೆ ಹೆಚ್ಚಾದುದು ಯಾವುದು? ಕಿವಿಗಳು ಹೆಚ್ಚಾದವು. ೧೮೧೯ರಲ್ಲಿ ಕಚ್ಛದ ರಣವು ಕಂಪಿಸಿ ನೆಲವೇ ದಿಬ್ಬವಾಗಿ ಎದ್ದಿತು. ಆ ಸುದ್ದಿಯು ಧಾರವಾಡಕ್ಕೆ ಮುಟ್ಟಲು ವಾರಗಟ್ಟಲೆ ಹಿಡಿದಿರಬೇಕು; ಮುಟ್ಟಿದರೂ ಎಷ್ಟು ಜನ ಕೇಳಿದ್ದಾರು! ೧೮೯೭ರ ಅಸ್ಸಾಮದ ಮಹಾಕಂಪವಾದ ಮರುವರ್ಷ ಕಲಕತ್ತೆಯ ಆಲಿಪುರದಲ್ಲಿ ಹಿಂದುಸ್ಥಾನದ ಮೊದಲನೆಯ ಕಂಪಮಾಪಕ ಯಂತ್ರಾಲಯವು ಸ್ಥಾಪಿತವಾಯಿತು. ೧೯೩೧ರಲ್ಲಿ ಇಡಿಯ ಜಗತ್ತಿನಲ್ಲಿ ಇಂಥ ಠಾಣೆಗಳು ಸುಮಾರು ೩೫೦ ಇದ್ದವು. ಇಂದು ಸಾವಿರಾರು ಇವೆ. ನಮ್ಮ ಗೌರೀಬಿದನೂರಿನಲ್ಲಿಯೇ ೧೯೬೫ರಲ್ಲಿ ಯಂತ್ರಗಳ ಒಂದು ಸಾಲನ್ನು ಹೂಡಿ, ದೂರದೂರದ ದೇಶಗಳ ಕಂಪಗಳನ್ನೂ ನೆಲದೊಳಗಿನ ಅಣುಸ್ಫೋಟಗಳನ್ನೂ ಆಲಿಸುವ ಏರ್ಪಾಡಾಯಿತು. ಈಗ ದಿನವೊಂದಕ್ಕೆ ಐವತ್ತಕ್ಕೆ ಮಿಕ್ಕಿ ಕಂಪಗಳು ದಾಖಲಾಗುವವು. ಹಿಂದೆಯೂ ಅವು ಆಗುತ್ತಿದ್ದವು, ಬರೆದಿಡುವವರು ಇರಲಿಲ್ಲ.

೨೦೦೪ರಿಂದ ೨೦೧೧ರ ವರೆಗೆ ಸುಮಾತ್ರಾ, ಚಿಲಿ, ಜಪಾನುಗಳಲ್ಲಿ ಆದ ಅತಿ ಭೀಕರ ಕಂಪಗಳನ್ನು ತೋರಿಸಿ ವಾದಿಸುವವರೂ ಉಂಟು. ಆದರೆ ೧೯೫೨ರಲ್ಲಿ ಕಾಮ್ಚಾಟ್ಕಾ, ೧೯೬೦ರಲ್ಲಿ ಚಿಲಿ, ೧೯೬೪ರಲ್ಲಿ ಅಲಾಸ್ಕಾ ಹೀಗೆಯೇ ನಡುಗಿದ್ದವು. ಆ ಮೇಲೆ ನಾಲ್ವತ್ತು ವರ್ಷಗಳ ವರೆಗೆ ೯ರ ಪ್ರಮಾಣದ್ದು ಒಂದೂ ಆಗಲಿಲ್ಲ. ಪಗಡೆಯಾಡುವಾಗ ಹನ್ನೆರಡರ ಗರ ಮೂರು ಸಲ ಮೇಲಿಂದ ಮೇಲೆ ಬಿದ್ದಿತೆಂದು ದಾಳಗಳು ಬದಲಾದವೆನ್ನಬಹುದೇ? ಗಣಿತಜ್ಞರು ಈ ಗುಂಪುಗಳನ್ನು ಪರೀಕ್ಷಿಸಿ, ದೊಡ್ಡ ಕಂಪದ ಹಿಂದೆಯೇ ಬರುವ ಮರುಕಂಪಗಳನ್ನು ಬಿಟ್ಟರೆ, ಇವು ಆಕಸ್ಮಿಕವಾಗಿ ಕೂಡಿಬಂದುದಕ್ಕಿಂತ ಹೆಚ್ಚಿನದೇನೂ ಅಲ್ಲವೆಂದು ೨೦೧೧-೧೨ರಲ್ಲಿಯೇ ತೋರಿಸಿಕೊಟ್ಟರು.

ಒಂದು ಅಪವಾದವನ್ನು ಮಾತ್ರ ಮರೆಮಾಚಬಾರದು. ಕೆಲವು ಸ್ಥಳಗಳಲ್ಲಿ ಮನುಷ್ಯನೇ ಭೂಮಿಯನ್ನು ಕೆಣಕಿರುವನು. ಸಾತಾರಾ ಜಿಲ್ಲೆಯ ಕೊಯ್ನಾ ಜಲಾಶಯದಲ್ಲಿ ೧೯೬೨ರಿಂದ ನೀರು ನಿಲ್ಲಿಸತೊಡಗಿದ ಮೇಲೆ ಅಲ್ಲಿ ಸಣ್ಣ ಕಂಪಗಳು ಮೊದಲಾಗಿ, ೧೯೬೭ರ ಡಿಸೆಂಬರ ೧೧ರ ನಸುಕಿನಲ್ಲಿ ದೊಡ್ಡ ಕಂಪವಾಗಿ ನೂರಾರು ಮನೆಗಳು ಉರುಳಿದವು. ಅಮೇರಿಕೆಯ ಒಕ್ಲಹೋಮಾ ಪ್ರಾಂತದಲ್ಲಿ ಎಣ್ಣೆಯ ಬಾವಿಗಳ ಹೊಲಸು ನೀರನ್ನು ಆಳಕ್ಕೆ ತುಂಬಿದ್ದರಿಂದ, ಹಿಂದೆ ವರ್ಷಕ್ಕೆ ಒಂದೆರಡು ಆಗುತ್ತಿದ್ದ ಕಂಪಗಳು ೨೦೧೫ರಲ್ಲಿ ಎಂಟುನೂರನ್ನು ದಾಟಿದವು. ತುಂಬುವದನ್ನು ಕಡಿಮೆ ಮಾಡಿದೊಡನೆ ಅವೂ ಕಡಿಮೆಯಾದವು. ಇವು ಆಯಾ ಸ್ಥಳದ ಸಂಗತಿಗಳು. ಇಡಿಯ ಭೂಮಂಡಲದ ಎಣಿಕೆಯನ್ನು ಇವು ಬದಲಿಸಲಾರವು.

ಇಷ್ಟು ಹೇಳಿ ಜನರ ಅಂಜಿಕೆಯನ್ನು ನಗೆಗೀಡು ಮಾಡುವವರ ಪಂಕ್ತಿಯಲ್ಲಿ ನಾವು ಕೂಡ್ರಲಾರೆವು. ಯಾಕಂದರೆ ಕಂಪವು ಹೆಚ್ಚದಿದ್ದರೂ ಕೇಡು ಹೆಚ್ಚಬಹುದು. ೨೦೧೦ರ ಜನವರಿಯಲ್ಲಿ ಹೈಟಿ ದೇಶದಲ್ಲಿ ೭ರ ಪ್ರಮಾಣದ ಕಂಪವಾಗಿ ಲಕ್ಷಕ್ಕೆ ಮಿಕ್ಕಿ ಜನರು ಸತ್ತರು. ಮರುತಿಂಗಳಲ್ಲಿಯೇ ಚಿಲಿ ದೇಶದಲ್ಲಿ ೮.೮ರ ಕಂಪವಾಯಿತು, ಅದರ ಶಕ್ತಿಯು ಮೊದಲಿನದರ ಐನೂರು ಪಟ್ಟು, ಸತ್ತವರು ಸುಮಾರು ಐನೂರು ಜನ. ಚಿಲಿಯವರು ಮನೆಯನ್ನು ಕಟ್ಟುವಾಗಲೇ ಭೂಕಂಪವನ್ನು ನೆನೆಯುತ್ತಾರೆ. ಹೈಟಿಯ ಬಡವರಿಗೆ ಅದನ್ನು ಕಲಿಸಿದವರೂ ಇರಲಿಲ್ಲ, ಕಲಿತು ಕಟ್ಟುವಷ್ಟು ಹಣವೂ ಇರಲಿಲ್ಲ.

ಅಷ್ಟು ದೂರ ಹೋಗುವದೇಕೆ? ೧೯೯೩ರ ಸಪ್ಟೆಂಬರ ೩೦ರ ಬೆಳಗಿನ ಜಾವದಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದುದನ್ನು ಕಲಬುರ್ಗಿ, ಬೀದರಗಳ ಹಿರಿಯರು ಇನ್ನೂ ಮರೆತಿಲ್ಲ. ಹಿಂದಿನ ಸಂಜೆ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನ, ಬೆಳಗಾಗುವದರೊಳಗೆ ತಮ್ಮ ಮನೆಗಳ ಕೆಳಗೇ ಸಮಾಧಿಯಾದರು. ಕಂಪದ ಪ್ರಮಾಣ ೬.೨ರಷ್ಟು, ಅಂದರೆ ಜಗತ್ತಿನ ಲೆಕ್ಕದಲ್ಲಿ ಮಧ್ಯಮದ್ದು. ಸತ್ತವರು ಸುಮಾರು ಹತ್ತು ಸಾವಿರ. ಅವರನ್ನು ಕೊಂದದ್ದು ಮಣ್ಣಿನಲ್ಲಿ ಹುದುಗಿಸಿದ ದುಂಡುಗಲ್ಲಿನ ದಪ್ಪ ಗೋಡೆ, ಅದರ ಮೇಲೆ ವರ್ಷವರ್ಷಕ್ಕೂ ಹೇರಿದ ಮೇಲುಮುದ್ದೆಯ ಭಾರ. ಬಿಸಿಲಿಗೆ ತಂಪಾದ ಆ ಮನೆ ಕಂಪಕ್ಕೆ ಯಮನಾಯಿತು. ಇನ್ನೂ ಎರಡು ಮಾತು ಇಲ್ಲಿ ನೆನೆಯತಕ್ಕವು. ೧೯೯೨ರಲ್ಲಿಯೇ ಆ ಸೀಮೆಯ ಹಳ್ಳಿಗಳು ಸಣ್ಣಗೆ ನಡುಗಿ ಜನ ಅಂಜಿದ್ದರು. ಸರಕಾರದ ನಕ್ಷೆಯಲ್ಲಾದರೋ ಆ ಪ್ರದೇಶಕ್ಕೆ ಭೂಕಂಪದ ಭಯವು ಎಲ್ಲಕ್ಕೂ ಕಡಿಮೆಯೆಂದು ಬಣ್ಣ ಹಾಕಿತ್ತು. ೨೦೦೨ರಲ್ಲಿ ಆ ಬಣ್ಣವನ್ನೇ ನಕ್ಷೆಯಿಂದ ತೆಗೆದುಹಾಕಬೇಕಾಯಿತು.

ಕಿಲ್ಲಾರಿಯ ಸೀಮೆಯು ನಿಜಾಮ ಸಂಸ್ಥಾನದಲ್ಲಿ ನಮ್ಮ ಬೀದರ, ಕಲಬುರ್ಗಿಗಳ ಜೊತೆಗೇ ಇದ್ದುದು. ೧೯೫೬ರಲ್ಲಿ ಪ್ರಾಂತಗಳ ಗೆರೆಯನ್ನು ಎಳೆದಾಗ ಕೆಳಗಿನ ಬಂಡೆಗೆ ಅದು ತಿಳಿಯಲಿಲ್ಲ; ಮೇಲಿನ ಗೋಡೆಗಳ ರೀತಿಯೂ ಈಚೆಗೊಂದು ಆಚೆಗೊಂದು ಆಗಲಿಲ್ಲ. ೨೦೨೧ರ ಅಕ್ಟೋಬರದಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತಲೂ ಮೇಲಿಂದ ಮೇಲೆ ನೆಲ ಗುಡುಗಿ ನಡುಗಿತು. ಒಂದು ಕಂಪವು ೪.೧ನ್ನು ಮುಟ್ಟಿತು. ಜನರು ರಾತ್ರಿ ಬಯಲಲ್ಲಿ ಮಲಗಿದರು, ಅನೇಕರು ಊರನ್ನೇ ಬಿಟ್ಟರು. ಇಂಥ ಸಣ್ಣ ಕಂಪಗಳ ಸಾಲು ಹೆಚ್ಚಾಗಿ ತಾನಾಗಿಯೇ ನಿಲ್ಲುವದು. ಆದರೆ ದೊಡ್ಡದು ಬರುವದೋ ಇಲ್ಲವೋ ಎಂಬದನ್ನು ಹೇಳುವ ವಿದ್ಯೆಯು ಇಂದಿಗೂ ಯಾರ ಬಳಿಯಲ್ಲಿಯೂ ಇಲ್ಲ. ದಿನ ಗೊತ್ತುಮಾಡಿ ಹೇಳುವವನನ್ನು ನಂಬಬೇಡಿರಿ. ಭಯಬೇಡವೆಂದಷ್ಟೇ ಹೇಳಿ ಹೊರಟುಹೋಗುವವನನ್ನೂ ಪೂರಾ ನಂಬಬೇಡಿರಿ.

ಪಾಪದ ಮಾತನ್ನು ಆಡುವವರಿಗೆ ೧೯೩೪ರ ಒಂದು ಸಂಗತಿಯನ್ನು ನೆನಪಿಸುತ್ತೇವೆ. ಆ ಜನವರಿಯಲ್ಲಿ ಬಿಹಾರವು ಹಾಳಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೈವವಿತ್ತ ಶಿಕ್ಷೆಯೆಂದು ಮಹಾತ್ಮರು ಸಾರಿದರು. ಗುರುದೇವ ರವೀಂದ್ರರು ಅದನ್ನು ಒಪ್ಪಲಿಲ್ಲ. ಭೌತಿಕ ಘಟನೆಗೆ ಭೌತಿಕವಾದ ಕಾರಣವೇ ಇರಬೇಕೆಂದು ಬರೆದರು. ಮಹಾತ್ಮರ ದೊಡ್ಡತನವೇನೆಂದರೆ ಆ ಖಂಡನೆಯನ್ನು ತಮ್ಮ ಹರಿಜನ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿದರು. ಅಸ್ಪೃಶ್ಯತೆಯು ಪಾಪವೆಂಬದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಅದಕ್ಕೆ ಭೂಕಂಪದ ಸಾಕ್ಷಿ ಬೇಕಾಗಿಲ್ಲ. ಉರುಳಿದ ಗೋಡೆಯ ಕೆಳಗೆ ಸಿಕ್ಕ ಕೂಸಿನ ಪಾಪವನ್ನು ಹುಡುಕುವದಕ್ಕಿಂತ ಗೋಡೆಯ ಗುಣವನ್ನು ಹುಡುಕುವದು ಲೇಸೆಂದು ನಾವು ಗುರುದೇವರ ಪಕ್ಷವನ್ನು ಹಿಡಿಯುತ್ತೇವೆ.

ಗೋಡೆಯ ಗುಣವನ್ನು ತಿದ್ದುವದು ಅಸಾಧ್ಯದ ಕೆಲಸವಲ್ಲ. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಕಬ್ಬಿಣದ ಸಲಾಕಿ ಹಾಕಿದ ಸಿಮೆಂಟಿನ ಪಟ್ಟಿ ಇರಬೇಕು. ಗೋಡೆಯ ಎರಡೂ ಮೈಗಳನ್ನು ಹಿಡಿಯುವ ಉದ್ದನ್ನ ಕಲ್ಲುಗಳನ್ನು ಅಲ್ಲಲ್ಲಿ ಇಡಬೇಕು. ಮೇಲುಮುದ್ದೆಯ ಭಾರವನ್ನು ಇಳಿಸಬೇಕು. ಇದನ್ನು ಊರ ಗೌಂಡಿಗೆ ಅವನ ಕನ್ನಡದಲ್ಲಿ ತಿಳಿಸುವ ಸಚಿತ್ರ ಪುಸ್ತಿಕೆಯೊಂದು ಪ್ರತಿ ಹಳ್ಳಿಯ ಪಂಚಾಯತಿಯಲ್ಲಿ ಇರತಕ್ಕದ್ದು. ಉಪಾಧ್ಯಾಯರೂ ತಮ್ಮ ಶಾಲೆಯ ಗೋಡೆಗಳನ್ನು, ವಿಶೇಷವಾಗಿ ಮೂಲೆಗಳ ಬಿರುಕುಗಳನ್ನು, ಒಮ್ಮೆ ತಾವೇ ಕಣ್ಣಿಟ್ಟು ನೋಡಿ ಮೇಲಿನವರಿಗೆ ಬರೆಯಲಿ. ಕಲಬುರ್ಗಿ, ಬೀದರ, ವಿಜಾಪುರ ಜಿಲ್ಲೆಗಳ ಹಳೆಯ ಶಾಲೆಗಳ ಪರೀಕ್ಷೆಯು ಮೊದಲು ಆಗಬೇಕು. ಬೇಸಗೆಯ ಸೂಟಿಯೇ ಇದಕ್ಕೆ ತಕ್ಕ ಕಾಲ; ಮಳೆ ಹಿಡಿದ ಮೇಲೆ ಮಾಳಿಗೆಯನ್ನು ಬಿಚ್ಚಲಾಗುವದಿಲ್ಲ.